ಮನೆಯವರೆಲ್ಲ ಓದಿದ ಜೈಲಿನ ಪುಸ್ತಕ, ಕಾಕಾ ಒಬ್ಬರನ್ನು ಬಿಟ್ಟು

ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಒಂದು ಪುಸ್ತಕಕ್ಕಾಗಿ ಜಗಳ ಶುರುವಾಯಿತು. ನಗಬೇಡಿ, ನಿಜವಾದ ಜಗಳ. ಹೊಲಕ್ಕೆ ಹೋಗುವಾಗ ಅಪ್ಪ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದರು ಅಂತ ಅತ್ತಿಗೆ ಮುನಿಸಿಕೊಂಡರು. ಮರುದಿನ ಅತ್ತಿಗೆ ಅದನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದು ಗೊತ್ತಾಗಿ ಅಣ್ಣ ಕೂಗಾಡಿದ. ಪಿಯುಸಿ ಓದುವ ಅಣ್ಣನ ಮಗಳು ಎಲ್ಲರಿಗಿಂತ ಮೊದಲು ಮುಗಿಸಿ, ಊಟಕ್ಕೆ ಕೂತಾಗಲೆಲ್ಲ ‘ಮುಂದೇನಾಗತೈತಿ ಹೇಳ್ಲಾ?’ ಅಂತ ಎಲ್ಲರನ್ನೂ ಹೆದರಿಸುತ್ತಿದ್ದಳು.

ಪುಸ್ತಕದ ಹೆಸರು ‘ಪ್ಯಾಪಿಲಾನ್’. ಫ್ರಾನ್ಸಿನ ಹೆನ್ರಿ ಶಾರಿಯೇರ್ ಎಂಬಾತ ಬರೆದದ್ದು. ಫ್ರೆಂಚಿನಲ್ಲಿ 1969ರಲ್ಲಿ ಬಂತು. ಕನ್ನಡಕ್ಕೆ ಪೂರ್ಣಚಂದ್ರ ತೇಜಸ್ವಿ ಮತ್ತು ಪ್ರದೀಪ್ ಕೆಂಜಿಗೆ ತಂದಿದ್ದಾರೆ. ನಿಮ್ಮಲ್ಲಿ ಹಲವರು ಓದಿರಬಹುದು. ಓದದವರಿಗೆ ನಾನು ಕತೆ ಹೇಳಿ ಕೆಡಿಸುವುದಿಲ್ಲ. ಇಷ್ಟು ಹೇಳಿದರೆ ಸಾಕು: 1931ರಲ್ಲಿ, ಇಪ್ಪತ್ತೈದರ ಆಸುಪಾಸಿನ ಒಬ್ಬ ಯುವಕನಿಗೆ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾಗುತ್ತದೆ. ನಾನು ಕೊಂದಿಲ್ಲ ಅನ್ನುತ್ತಾನೆ, ಯಾರೂ ಕೇಳುವುದಿಲ್ಲ. ಸಮುದ್ರ ದಾಟಿಸಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ ಎಂಬ ಕಾಡು ಸೀಮೆಗೆ ಕಳಿಸುತ್ತಾರೆ. ಅವನು ಮೊದಲ ದಿನವೇ ತೀರ್ಮಾನಿಸುತ್ತಾನೆ: ಇಲ್ಲಿಂದ ಓಡಿಹೋಗಬೇಕು. ಎದೆಯ ಮೇಲೆ ಚಿಟ್ಟೆಯ ಹಚ್ಚೆ ಇರುವುದರಿಂದ ಅವನ ಹೆಸರು ಪ್ಯಾಪಿಲಾನ್. ಫ್ರೆಂಚಿನಲ್ಲಿ ಹಾಗೆಂದರೆ ಚಿಟ್ಟೆ, ನಮ್ಮ ಕಡೆ ಪಾತರಗಿತ್ತಿ.

ತಾಲ್ಲೂಕಿನ ಹಳೇ ಪುಸ್ತಕದ ಗಾಡಿಯಲ್ಲಿ ನನಗೆ ಸಿಕ್ಕಿದ್ದು ಅದರ ಮಾಸಿದ ಒಂದು ಪ್ರತಿ. ಬಸ್ಸಿಗೆ ಹೊತ್ತಿತ್ತು, ಓದುತ್ತಾ ಕೂತೆ. ಬಸ್ಸು ಬಂದು ಹೋಗಿದ್ದು ಗೊತ್ತಾಗಲಿಲ್ಲ. ಅವತ್ತು ಸಂಜೆ ಕಳಿಸಬೇಕಿದ್ದ ಸುದ್ದಿ ತಡವಾಗಿ, ಡೆಸ್ಕಿನವರಿಂದ ಬೈಸಿಕೊಂಡೆ. ಮನೆಗೆ ತಂದು ಕಿಟಕಿಯಲ್ಲಿಟ್ಟೆ. ಅಲ್ಲಿಂದ ಮುಂದೆ ಆ ಪುಸ್ತಕ ನನ್ನದಾಗಿ ಉಳಿಯಲಿಲ್ಲ.

ಒಂದೇ ಪ್ರತಿ, ಓದುವವರು ಐದು ಮಂದಿ, ಕೇಳುವವರು ಒಬ್ಬರು. ತಾನಾಗಿಯೇ ಕೆಲವು ಕಾನೂನು ಹುಟ್ಟಿಕೊಂಡವು. ಪುಟದ ತುದಿ ಮಡಿಚಬಾರದು, ಅವರವರ ಗುರುತು ಅವರವರದು. ಅಪ್ಪನ ಗುರುತು ಬಸ್ ಟಿಕೆಟ್ಟು, ಅತ್ತಿಗೆಯದು ಹೇರ್ ಪಿನ್ನು, ಅಣ್ಣನದು ಗೊಬ್ಬರದ ಅಂಗಡಿಯ ರಸೀದಿ, ಅವ್ವನದು ಊದುಬತ್ತಿ ಪಾಕೀಟಿನ ತುಂಡು. ಹಿಂದಿದ್ದವರಿಗೆ ಮುಂದಿದ್ದವರು ಏನೂ ಹೇಳಬಾರದು. ಸಂಜೆ ಕರೆಂಟು ಇದ್ದಾಗ ಹೆಂಗಸರದ್ದು ಮೊದಲ ಹಕ್ಕು, ಯಾಕೆಂದರೆ ಹಗಲೆಲ್ಲ ಅವರಿಗೆ ಪುರುಸೊತ್ತಿಲ್ಲ. ಈ ಕಡೆಯ ಕಾನೂನು ಮಾಡಿದವರು ಅವ್ವ. ಏಳನೇ ಇಯತ್ತೆ ಕಲಿತ ಅವ್ವ ಪುಸ್ತಕ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಂದು ದಿನ ಪುಸ್ತಕದ ಬೆನ್ನು ಮುರಿದು ಎರಡು ತುಂಡಾಯಿತು. ಎಲ್ಲರಿಗೂ ಬೇಜಾರಾಗುವ ಬದಲು ಖುಷಿಯಾಯಿತು. ಮೊದಲ ತುಂಡು ಅವ್ವನ ಕೈಯಲ್ಲಿ, ಎರಡನೇ ತುಂಡು ಅಣ್ಣನ ಕೈಯಲ್ಲಿ. ಒಂದೇ ಹೊತ್ತಿಗೆ ಇಬ್ಬರು ಓದಬಹುದಲ್ಲ! ಎಲ್ಲರದೂ ಮುಗಿದ ಮೇಲೆ ಅಪ್ಪ ಗೋಣಿಚೀಲ ಹೊಲಿಯುವ ದಬ್ಬಳ ತಗೊಂಡು ಅದನ್ನು ಹೊಲಿದು ಒಂದು ಮಾಡಿದರು. ಈಗಲೂ ಹಾಗೇ ಇದೆ, ಶೇಂಗಾ ಚೀಲದ ಹಾಗೆ ಕಾಣುತ್ತದೆ.

ಕೇಳುವವರು ಅಂದೆನಲ್ಲ, ಅದು ನಮ್ಮಜ್ಜಿ, ಅಪ್ಪನ ತಾಯಿ. ಅಕ್ಷರ ಬರುವುದಿಲ್ಲ. ರಾತ್ರಿ ಬಿತ್ತನೆಗೆ ಶೇಂಗಾ ಸುಲಿಯುತ್ತಾ ಕೂತಾಗ ಮೊಮ್ಮಗಳು ಓದಿ ಹೇಳುತ್ತಿದ್ದಳು. ಕೈದಿಗಳು ಪೊಲೀಸರ ಕಣ್ಣು ತಪ್ಪಿಸಿ ದುಡ್ಡನ್ನು ಸಣ್ಣ ಲೋಹದ ಕೊಳವೆಯಲ್ಲಿ ಹಾಕಿ ಎಲ್ಲಿ ಅಡಗಿಸಿಕೊಳ್ಳುತ್ತಾರೆ ಎಂಬುದು ಬಂದಾಗ ಮೊಮ್ಮಗಳು ನಾಚಿ ನಿಲ್ಲಿಸಿದಳು. ಅಜ್ಜಿ ಬಿಡಲಿಲ್ಲ. ಗೊತ್ತಾದ ಮೇಲೆ ಸೆರಗು ಬಾಯಿಗೆ ಇಟ್ಟುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ‘ಅಯ್ಯ, ಬ್ಯಾಂಕಿಗಿಂತ ಭದ್ರ ಬಿಡ ಅದು’ ಅಂದರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಹಳ್ಳಿಯವರು ಓದುವುದಿಲ್ಲ, ಎಲ್ಲರೂ ಮೊಬೈಲು ಹಿಡಿದು ಕೂತಿದ್ದಾರೆ ಎಂಬ ಮಾತನ್ನು ನಾವು ವೇದಿಕೆಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ನಾನೇ ಅಂಥ ಭಾಷಣಗಳನ್ನು ವರದಿ ಮಾಡಿದ್ದೇನೆ. ಆದರೆ ಓದಲು ಏನು ಕೊಟ್ಟಿದ್ದೀರಿ ಎಂದು ಆ ಭಾಷಣ ಮಾಡಿದವರನ್ನು ನಾನು ಯಾವತ್ತೂ ಕೇಳಲಿಲ್ಲ. ನಮ್ಮೂರ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ ನೋಡಿ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿವೆ, ಯಾರೋ ದಾನ ಕೊಟ್ಟ ಅಭಿನಂದನ ಗ್ರಂಥಗಳಿವೆ, ನೀತಿ ಹೇಳುವ ಪುಸ್ತಕಗಳು ಸಾಲಾಗಿ ನಿಂತಿವೆ. ರಾತ್ರಿ ನಿದ್ದೆ ಕೆಡಿಸುವ ಪುಸ್ತಕ ಒಂದೂ ಇಲ್ಲ.

ಕುತೂಹಲಕ್ಕಾಗಿ ಓದುವುದೆಂದರೆ ಕೆಳಗಿನ ದರ್ಜೆಯ ಓದು ಎಂಬ ಭಾವನೆ ನಮ್ಮ ಕಾಲೇಜಿನಲ್ಲೂ ಇತ್ತು. ಪತ್ತೇದಾರಿ ಕಾದಂಬರಿ ಹಿಡಿದವನನ್ನು ಮೇಷ್ಟ್ರು ಹಂಗಿಸುತ್ತಿದ್ದರು. ನಾನು ಇದನ್ನು ಒಪ್ಪುವುದಿಲ್ಲ. ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ತಿಂಗಳು ಪೂರ್ತಿ ಪುರಾಣ ಹೇಳುವವರು ದಿನಾ ಎಲ್ಲಿ ನಿಲ್ಲಿಸುತ್ತಿದ್ದರು ನೆನಪಿದೆಯಾ? ಕತ್ತಿ ಎತ್ತಿದ ಕಡೆ ನಿಲ್ಲಿಸುತ್ತಿದ್ದರು. ಕತ್ತಿ ಇಳಿಯಿತೋ ಇಲ್ಲವೋ ತಿಳಿಯಬೇಕಾದರೆ ನಾಳೆ ಬರಬೇಕು. ಬಯಲಾಟದ ಭಾಗವತರಿಗೂ ಈ ವಿದ್ಯೆ ಗೊತ್ತಿತ್ತು. ‘ಮುಂದೇನಾತು?’ ಎಂಬ ಪ್ರಶ್ನೆಯೇ ನಮ್ಮ ಹಿರಿಯರನ್ನು ಮಳೆ ಚಳಿಯಲ್ಲಿ ಕಂಬಳಿ ಹೊದ್ದು ಕೂರಿಸುತ್ತಿತ್ತು. ಅಜ್ಜಿಗೆ ಈ ಫ್ರಾನ್ಸಿನ ಕತೆ ಎಲ್ಲೂ ಹೊಸದು ಅನ್ನಿಸಲಿಲ್ಲ.

ಹೀಗೆ ಆ ಪುಸ್ತಕ ಮನೆಯಲ್ಲಿ ಸುತ್ತುತ್ತಿತ್ತು. ಒಬ್ಬರಿಗೆ ಮಾತ್ರ ಸಿಗಲಿಲ್ಲ. ನಮ್ಮ ಕಾಕಾ, ಅಪ್ಪನ ತಮ್ಮ.

ಕಾಕಾನ ಮನೆ ಪಕ್ಕದ್ದೇ. ನಡುವೆ ಒಂದೇ ಗೋಡೆ. ದಿನಕ್ಕೆ ನಾಲ್ಕು ಸಲ ಬರುತ್ತಾರೆ. ಅವರ ಚಪ್ಪಲಿ ಸಪ್ಪಳ ಕೇಳಿದ ಕೂಡಲೇ ಪುಸ್ತಕ ಯಾರ ಕೈಯಲ್ಲಿದ್ದರೂ ದಿಂಬಿನ ಕೆಳಗೆ ಹೋಗುತ್ತಿತ್ತು. ಹೀಗೆ ಮಾಡಿರಿ ಅಂತ ಯಾರೂ ಯಾರಿಗೂ ಹೇಳಿರಲಿಲ್ಲ. ಅಣ್ಣನ ಮಗಳು ಒಮ್ಮೆ ಕೇಳಿದ್ದಕ್ಕೆ ಅವ್ವ, ‘ಅಂವಗ ಬ್ಯಾಡ. ಸುಮ್ನಿರ’ ಅಂದರು, ಅಷ್ಟೇ.

ಎಂಟು ವರ್ಷದ ಹಿಂದೆ ಕಾಕಾ ನಾಲ್ಕು ತಿಂಗಳು ಹತ್ತು ದಿನ ಜೈಲಿನಲ್ಲಿದ್ದರು. ಬದುವಿನ ಜಗಳ. ಎರಡು ಮನೆಯವರು ಹೊಡೆದಾಡಿಕೊಂಡು ಒಬ್ಬರ ತಲೆ ಒಡೆದಿತ್ತು. ದೂರಿನಲ್ಲಿ ಹನ್ನೊಂದು ಹೆಸರು ಬರೆಸಿದರು. ಅದರಲ್ಲಿ ಕಾಕಾನದೂ ಒಂದು. ಅವತ್ತು ಆ ಹೊತ್ತಿಗೆ ಅವರು ಹತ್ತಿಯ ಲೋಡಿನ ಜೊತೆ ಬೇರೆ ಊರಿನಲ್ಲಿದ್ದರು. ಅದನ್ನು ಕೋರ್ಟಿನಲ್ಲಿ ತೋರಿಸುವ ದಿನ ಬರಲು ಮೂರು ವರ್ಷ ಹಿಡಿಯಿತು. ಮೊದಲ ಸಲ ಜಾಮೀನು ಸಿಗಲಿಲ್ಲ. ಎರಡನೇ ಸಲ ಸಿಕ್ಕಾಗ ಪಹಣಿ ಇಟ್ಟು ಜಾಮೀನು ನಿಲ್ಲಲು ಊರಲ್ಲಿ ಯಾರೂ ಮುಂದೆ ಬರಲಿಲ್ಲ, ಅವ್ವನ ತವರಿನವರು ಬಂದರು. ಕೊನೆಗೆ ಕೋರ್ಟು ಬಿಡುಗಡೆ ಮಾಡಿತು. ಮನೆಗೆ ಬಂದರು. ಅವತ್ತಿನಿಂದ ಇವತ್ತಿನವರೆಗೆ ನಮ್ಮ ಮನೆಯಲ್ಲಿ ಜೈಲು ಎಂಬ ಶಬ್ದವನ್ನು ಯಾರೂ ಕಾಕಾನ ಎದುರು ಆಡಿರಲಿಲ್ಲ. ‘ಅವಾಗ ನೀವ್ ಊರಾಗ ಇರ್ಲಿಲ್ಲಲ್ಲ’ ಅನ್ನುತ್ತಿದ್ದೆವು, ದುಡಿಯಲು ಗೋವಾಕ್ಕೆ ಹೋಗಿದ್ದವರ ಹಾಗೆ.

ಅಜ್ಜಿಯ ಒಂದು ಪ್ರಶ್ನೆ ನನಗೆ ಆಮೇಲೆ ಅರ್ಥವಾಯಿತು. ಮೊಮ್ಮಗಳು ದಿನಾ ಓದು ಶುರು ಮಾಡುವ ಮೊದಲು ಅಜ್ಜಿ ಕೇಳುತ್ತಿದ್ದರು, ‘ಅಲ್ಲೆ ಊಟಕ್ಕ ಏನ್ ಕೊಡ್ತಾರವಾ?’ ಬ್ರೆಡ್ಡು, ತಿಳಿಸಾರು ಅಂತ ಹೇಳಿದರೂ ಮರುದಿನ ಅದನ್ನೇ ಕೇಳುತ್ತಿದ್ದರು. ವಯಸ್ಸಾಯಿತು, ಮರೆವು ಅಂದುಕೊಂಡಿದ್ದೆವು. ಮರೆವು ಅಲ್ಲ. ಎಂಟು ವರ್ಷದಿಂದ ಮಗನನ್ನು ಕೇಳಲಾಗದೆ ಉಳಿಸಿಕೊಂಡ ಪ್ರಶ್ನೆ ಅದು.

ಒಂದು ಸಂಜೆ ಕಾಕಾ ಬಂದು ನೇರ ನನ್ನ ಹತ್ತಿರ ಕೂತರು. ‘ಆ ಜೈಲಿನ ಪುಸ್ತಕ ಎಲ್ಲಾರೂ ಓದೀರಿ. ನನಗ ಯಾಕ ಕೊಡ್ಲಿಲ್ಲೋ?’ ಅಂದರು. ಗೋಡೆ ಒಂದೇ ಅಲ್ಲವೇ, ಅಜ್ಜಿಗೆ ಓದಿ ಹೇಳಿದ್ದೆಲ್ಲ ಅವರಿಗೂ ಅರ್ಧಂಬರ್ಧ ಕೇಳಿಸಿತ್ತು. ‘ಕುಷ್ಠ ಆದವ್ರು ದ್ವಾಣಿ ಕೊಟ್ರಲ್ಲ, ಅಲ್ಲಿಗಿ ಮುಂದ ಕೇಳಿಸಿಲ್ಲ. ಮಳಿ ಜೋರ ಇತ್ತು.’ ನನಗೆ ಏನು ಹೇಳಬೇಕೋ ತೋಚಲಿಲ್ಲ. ಒಳಗೆ ಹೋಗಿ ತಂದು ಕೊಟ್ಟೆ. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ನಾಲ್ಕೇ ದಿನದಲ್ಲಿ ಮುಗಿಸಿದರು. ನಮ್ಮ ಮನೆಯಲ್ಲಿ ಅಷ್ಟು ಬೇಗ ಯಾರೂ ಓದಿರಲಿಲ್ಲ.

ತಂದುಕೊಟ್ಟು ‘ಛಲೋ ಐತಿ’ ಅಂದರು. ‘ಎದಿ ಡವಡವ ಅಂತಿತ್ತು ನೋಡ.’ ಆಮೇಲೆ ಅಪ್ಪ, ಅಣ್ಣ, ನಾನು ಎಲ್ಲ ಕೂತಿದ್ದಾಗ ತಾವಾಗಿಯೇ ಮಾತು ತೆಗೆದರು. ಪುಸ್ತಕದಲ್ಲಿ ಪ್ಯಾಪಿಲಾನ್ ಒಂಟಿ ಕೋಣೆಯಲ್ಲಿ ಐದು ಹೆಜ್ಜೆ ನಡೆದು ತಿರುಗಿ, ಮತ್ತೆ ಐದು ಹೆಜ್ಜೆ ನಡೆದು ತಿರುಗಿ ದಿನ ಕಳೆಯುತ್ತಾನೆ. ‘ಅಂವಗ ಐದ ಹೆಜ್ಜಿ ಜಾಗಾ ಇತ್ತು’ ಅಂದರು ಕಾಕಾ. ‘ನಾ ಇದ್ದಲ್ಲೆ ಮಗ್ಗಲ ಬದಲಿ ಮಾಡಾಕೂ ಜಾಗಾ ಇರಲಿಲ್ಲ. ಒಬ್ಬಾಂವ ಹೊಳ್ಳಿ ಮಲಗಿದ್ರ ಸಾಲಿಗಿ ಸಾಲೇ ಹೊಳ್ಳಿ ಮಲಗಬೇಕು. ಅಂವಾ ಮಂದಿ ಮುಖಾ ನೋಡಾಕ ಹಂಬಲಿಸ್ತಾನ. ನಾ ಒಂದ ತಾಸ ಒಬ್ಬನ ಇದ್ರ ಸಾಕು ಅಂತಿದ್ದೆ.’

ಜೈಲಿಂದ ಬಂದಾಗಿನಿಂದ ಕಾಕಾ ರಾತ್ರಿ ಊಟದ ಮೇಲೆ ಒಬ್ಬರೇ ಹೊಲದ ದಾರಿ ಹಿಡಿದು ನಡೆಯುತ್ತಾರೆ. ಮಳೆಯಿದ್ದರೂ ಕೊಡೆ ಹಿಡಿದು ಹೋಗುತ್ತಾರೆ. ಸಕ್ಕರೆ ಕಾಯಿಲೆಗೆ ಡಾಕ್ಟರು ಹೇಳಿರಬೇಕು ಅಂದುಕೊಂಡಿದ್ದೆವು.

ಅವತ್ತು ಅಜ್ಜಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಕೇಳಿದರು, ‘ಊಟಕ್ಕ ಏನ್ ಕೊಡ್ತಿದ್ರೋ?’ ಕಾಕಾ ಹೇಳಿದರು. ಅನ್ನ ಎಷ್ಟು, ಸಾರು ಹೇಗಿರುತ್ತಿತ್ತು, ಯಾವ ದಿನ ಏನು, ಎಲ್ಲ. ಅಜ್ಜಿ ಪೂರ್ತಿ ಕೇಳಿ, ‘ಹಸಗೊಂಡ ಇರಲಿಲ್ಲಲ್ಲ’ ಅಂದು ಮತ್ತೆ ಶೇಂಗಾ ಕಡೆ ತಿರುಗಿದರು.

ನಾವು ಮಾಡಿದ್ದು ತಪ್ಪು ಅಂತ ನನಗೆ ಅನ್ನಿಸುವುದು ಇಲ್ಲೇ. ಕಾಕಾನಿಗೆ ನೋವಾಗುತ್ತದೆ ಅಂತ ಪುಸ್ತಕ ಮುಚ್ಚಿಟ್ಟೆವು. ನಿಜ ಹೇಳಬೇಕೆಂದರೆ ಮುಜುಗರ ನಮ್ಮದು. ಕಷ್ಟಪಟ್ಟವನು ಒಳ್ಳೆಯ ಕತೆಯ ಸುಖವನ್ನೂ ಬಿಡಬೇಕು ಎಂದು ತೀರ್ಮಾನಿಸಲು ನಾವು ಯಾರು? ಮನೆಯ ಒಳಗೇ ಅವರನ್ನು ಮತ್ತೆ ಒಂದು ಕೋಣೆಯಲ್ಲಿ ಕೂರಿಸಿದ ಹಾಗಾಯಿತು.

ಗಯಾನಾದ ಶಿಕ್ಷೆಗೆ ಒಂದು ವಿಚಿತ್ರ ನಿಯಮವಿತ್ತು. ಎಂಟು ವರ್ಷಕ್ಕಿಂತ ಕಡಿಮೆ ಶಿಕ್ಷೆಯಾದವನು, ಅದು ಮುಗಿದ ಮೇಲೆ ಮತ್ತೆ ಅಷ್ಟೇ ವರ್ಷ ಅಲ್ಲಿಯೇ ಇರಬೇಕು. ಎಂಟು ಅಥವಾ ಹೆಚ್ಚು ವರ್ಷವಾದರೆ ಸಾಯುವವರೆಗೆ ಆ ಸೀಮೆ ಬಿಟ್ಟು ಹೋಗುವಂತಿಲ್ಲ. ಬಿಡುಗಡೆ ಎಂದು ಕಾಗದ ಹೇಳುತ್ತದೆ, ಮನೆಗೆ ಹೋಗುವಂತಿಲ್ಲ. ಇದನ್ನು ಓದಿದಾಗ ಎಂಥ ಅನ್ಯಾಯ ಅನ್ನಿಸಿತು. ಆಮೇಲೆ ನಮ್ಮೂರನ್ನು ನೋಡಿದೆ. ಬಿಡುಗಡೆಯಾಗಿ ಬಂದ ಮೇಲೆ ಕಾಕಾನನ್ನು ಯಾವ ಮದುವೆ ಮಾತುಕತೆಗೂ ಹಿರಿಯರ ಸಾಲಿನಲ್ಲಿ ಕರೆಯಲಿಲ್ಲ. ಸೊಸೈಟಿ ಚುನಾವಣೆಗೆ ಅವರು ಮತ್ತೆ ನಿಲ್ಲಲಿಲ್ಲ. ಅವರ ಮಗಳಿಗೆ ಬಂದ ಒಂದು ಒಳ್ಳೆಯ ಸಂಬಂಧ ಯಾಕೆ ತಪ್ಪಿತು ಎಂದು ಎಲ್ಲರಿಗೂ ಗೊತ್ತು. ನಾವು ಆ ಶಿಕ್ಷೆಯನ್ನು ಕಾಯಿದೆ ಮಾಡದೆಯೇ ನಡೆಸುತ್ತಿದ್ದೇವೆ.

ಇದರಲ್ಲಿ ನನ್ನ ಪಾಲೂ ಇದೆ. ಕಾಕಾನ ಬಂಧನದ ಸುದ್ದಿ ಪತ್ರಿಕೆಯಲ್ಲಿ ಬಂತು. ಬರೆದವನು ನಾನಲ್ಲ, ಬೇರೆ ಪತ್ರಿಕೆಯ ಗೆಳೆಯ. ಊರು, ಹೆಸರು, ತಂದೆಯ ಹೆಸರು, ವಯಸ್ಸು ಎಲ್ಲ ಇತ್ತು. ಮೂರು ವರ್ಷದ ನಂತರ ಕೋರ್ಟು ಬಿಟ್ಟಿತಲ್ಲ, ಅದು ಎಲ್ಲಿಯೂ ಬರಲಿಲ್ಲ. ಆಗ ನನ್ನ ಕೈಯಲ್ಲಿ ಪೆನ್ನಿತ್ತು. ಮನೆಯ ಸುದ್ದಿಯನ್ನು ನಾನೇ ಹೇಗೆ ಬರೆಯಲಿ ಎಂಬ ನೆಪ ಹೇಳಿಕೊಂಡೆ. ಆ ಗೆಳೆಯನಿಗೆ ಒಂದು ಫೋನ್ ಮಾಡಿ ‘ಇದನ್ನೂ ಹಾಕಪ್ಪಾ’ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಹತ್ತು ವರ್ಷದ ಕೆಲಸದಲ್ಲಿ ನಾನು ಕಳಿಸಿದ ಬಂಧನದ ಸುದ್ದಿಗಳಿಗೆ ಲೆಕ್ಕವಿಲ್ಲ. ಖುಲಾಸೆಯಾದ ಸುದ್ದಿ ಕಳಿಸಿದ್ದು ಎರಡೋ ಮೂರೋ. ಬಂಧನದ ಸುದ್ದಿ ಠಾಣೆಯಿಂದ ವಾಟ್ಸ್‌ಆ್ಯಪ್‌ಗೇ ಬರುತ್ತದೆ. ಖುಲಾಸೆಯ ಸುದ್ದಿಗೆ ಕೋರ್ಟಿಗೆ ನಡೆದು ಹೋಗಬೇಕು.

ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ಇನ್ನೂ ತೀರ್ಪು ಬರದವರು. 2022ರ ಕೊನೆಗೆ ಸರ್ಕಾರವೇ ಕೊಟ್ಟ ಲೆಕ್ಕದಲ್ಲಿ ವಿಚಾರಣಾಧೀನ ಕೈದಿಗಳ ಪ್ರಮಾಣ ಶೇ 75ಕ್ಕೂ ಹೆಚ್ಚು. ಅಂದರೆ ನಾವು ಜೈಲಿಗೆ ಹೋಗಿ ಬಂದವನು ಎಂದು ಬೆರಳು ತೋರಿಸುವವರಲ್ಲಿ ಹಲವರ ಮೇಲೆ ತಪ್ಪು ಸಾಬೀತೇ ಆಗಿರುವುದಿಲ್ಲ. ಆರೋಪಿ ಬೇರೆ, ಅಪರಾಧಿ ಬೇರೆ. ಡಿಪ್ಲೊಮಾದ ಮೊದಲ ತಿಂಗಳಲ್ಲಿ ಕಲಿಸಿದ ಪಾಠವಿದು. ಪರೀಕ್ಷೆಯಲ್ಲಿ ಬರೆದು ಪಾಸಾದೆವು.

ಓದುವ ನಿಮ್ಮಲ್ಲಿ ಯಾರ ಮನೆಯವರಾದರೂ ಈಗ ಒಳಗಿದ್ದರೆ ಎರಡು ವಿಷಯ ನೆನಪಿಡಿ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು, ಸಹಾಯವಾಣಿ ಸಂಖ್ಯೆ 15100. ಎರಡನೆಯದು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯಿದೆಯ 479ನೇ ಕಲಮು. ಮೊದಲ ಸಲ ಕೇಸಿನಲ್ಲಿ ಸಿಕ್ಕವನು ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗೇ ಕಳೆದಿದ್ದರೆ ಅವನನ್ನು ಬಿಡಬೇಕು ಎನ್ನುತ್ತದೆ ಅದು. ಮರಣದಂಡನೆ, ಜೀವಾವಧಿಯಂಥ ಶಿಕ್ಷೆ ಇರುವ ಕೇಸುಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೆ ಅದು ಅನ್ವಯಿಸುವುದಿಲ್ಲ. ನಮ್ಮ ಮನೆಯವರಿಗೆ ಆಗ ಉಚಿತ ವಕೀಲರ ವಿಷಯವೂ ಗೊತ್ತಿರಲಿಲ್ಲ. ಎರಡು ಎತ್ತು ಮಾರಿದೆವು.

ಈಗ ಪುಸ್ತಕಕ್ಕೆ ಬರುತ್ತೇನೆ. ಎಲ್ಲರದೂ ಮುಗಿದ ಮೇಲೆ ಅಣ್ಣನ ಮಗಳು ಇನ್ನೊಂದು ಬಾಂಬು ಹಾಕಿದಳು. ಮೊಬೈಲಿನಲ್ಲಿ ಹುಡುಕಿ, ‘ಇದರಾಗ ಭಾಳಷ್ಟು ಸುಳ್ಳಂತ’ ಅಂದಳು. ಅವಳು ಹೇಳಿದ್ದು ನಿಜ. ಪುಸ್ತಕ ಆತ್ಮಕತೆ ಎಂದೇ ಪ್ರಕಟವಾಯಿತು. ಮರುವರ್ಷವೇ ಫ್ರಾನ್ಸಿನಲ್ಲಿ ಅದನ್ನು ಪ್ರಶ್ನಿಸಿದ ಪುಸ್ತಕಗಳು ಬಂದವು. ಬೇರೆ ಕೈದಿಗಳಿಗೆ ಆದದ್ದನ್ನು ತನಗೇ ಆದ ಹಾಗೆ ಬರೆದಿದ್ದಾನೆ ಎಂದರು. ರಾಜಕೀಯ ಕೈದಿಗಳನ್ನು ಇಡುತ್ತಿದ್ದ ದೆವ್ವದ ದ್ವೀಪದಲ್ಲಿ ಅವನು ಇರಲೇ ಇಲ್ಲ ಎಂದು ದಾಖಲೆ ನೋಡಿದವರು ಹೇಳುತ್ತಾರೆ. ಇಂಥವನ್ನೆಲ್ಲ ತೂಗಿ ನೋಡಿದವರು ಈಗ ಅದನ್ನು ಕಾದಂಬರಿ ಎಂದೇ ಓದುತ್ತಾರೆ.

ಅಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದರು. ‘ಸುಳ್ಳ ಹೇಳಿ ನನ್ನ ಕಣ್ಣಾಗ ನೀರ ತರಿಸ್ಯಾನ’ ಎಂಬುದು ಅವರ ದೂರು. ಅಜ್ಜಿ ತೀರ್ಪು ಕೊಟ್ಟರು: ‘ಬಯಲಾಟದಾಗ ಭೀಮ ಆಗ್ತಿದ್ದಾಂವ ನಮ್ಮೂರ ಬಡಿಗೇರ. ಅದು ಗೊತ್ತಿದ್ದೂ ಅಳ್ತಿರಲಿಲ್ಲೇನ್ ನೀ?’

ಸುದ್ದಿಗಾರನಾಗಿ ನನಗೆ ಅಷ್ಟು ಸುಲಭವಾಗಿ ಬಿಡಲು ಆಗುವುದಿಲ್ಲ. ನಡೆದದ್ದು ಎಂದು ಚೀಟಿ ಅಂಟಿಸಿ ನಡೆಯದ್ದನ್ನು ಮಾರುವುದು ತಪ್ಪೇ. ಆದರೆ ಆ ಜೈಲು ಸುಳ್ಳಲ್ಲ. ನಮಗೆ ಅಂಡಮಾನಿನ ಕಾಲಾಪಾನಿ ಇದ್ದ ಹಾಗೆ ಫ್ರಾನ್ಸಿಗೆ ಗಯಾನಾ ಇತ್ತು. 1852ರಲ್ಲಿ ಶುರುವಾಗಿ ಹತ್ತಾರು ಸಾವಿರ ಜನರನ್ನು ಹಡಗಿನಲ್ಲಿ ತುಂಬಿ ಅಲ್ಲಿಗೆ ಕಳಿಸಿದರು. ಜ್ವರ, ಹಸಿವು, ದುಡಿತಕ್ಕೆ ಬಹಳ ಜನ ಸತ್ತರು. 1923ರಲ್ಲಿ ಆಲ್ಬರ್ಟ್ ಲಾಂಡ್ರ್ ಎಂಬ ಫ್ರೆಂಚ್ ಪತ್ರಕರ್ತ ಅಲ್ಲಿಗೆ ಹೋಗಿ ಕಣ್ಣಾರೆ ಕಂಡದ್ದನ್ನು ಪತ್ರಿಕೆಯಲ್ಲಿ ಸರಣಿಯಾಗಿ ಬರೆದ. ಫ್ರಾನ್ಸಿನಲ್ಲಿ ದೊಡ್ಡ ಗದ್ದಲವಾಯಿತು. 1938ರಲ್ಲಿ ಹೊಸ ಕೈದಿಗಳನ್ನು ಕಳಿಸುವುದು ನಿಂತಿತು. ಕೊನೆಯ ಕೈದಿಗಳು ಊರಿಗೆ ಮರಳಿದ್ದು 1953ರಲ್ಲಿ. ಒಂದು ವರದಿಯಿಂದ ಎಲ್ಲ ಬದಲಾಗಲಿಲ್ಲ, ಮೂವತ್ತು ವರ್ಷ ಹಿಡಿಯಿತು. ಆದರೂ ನಮ್ಮ ಕಸುಬಿನವನೊಬ್ಬ ಜೈಲಿನ ಬಾಗಿಲವರೆಗೆ ನಡೆದು ಹೋದ ಎಂಬುದು ನನಗೆ ದೊಡ್ಡ ವಿಷಯ.

ಅಣ್ಣನ ಮಗಳು ಹುಡುಕಿದ್ದರಲ್ಲಿ ಇನ್ನೊಂದು ಸಂಗತಿ ಎಲ್ಲರಿಗೂ ಹಿಡಿಸಿತು. ಪ್ಯಾಪಿಲಾನ್ ಕತೆಯ ಆ ದ್ವೀಪಗಳ ಎದುರಿನ ಕರಾವಳಿಯಲ್ಲಿ ಕೌರು ಎಂಬ ಊರಿದೆ. ಈಗ ಅಲ್ಲಿ ಯುರೋಪಿನ ರಾಕೆಟ್ ಉಡಾವಣಾ ಕೇಂದ್ರವಿದೆ. ನಮ್ಮ ಇಸ್ರೋದ ಆ್ಯಪಲ್ ಉಪಗ್ರಹ 1981ರಲ್ಲಿ ಹಾರಿದ್ದು ಅಲ್ಲಿಂದಲೇ. ಆಮೇಲೆ ಎಷ್ಟೋ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳೂ ಅಲ್ಲಿಂದ ಹಾರಿ ಹಾಸನದ ನಿಯಂತ್ರಣ ಕೇಂದ್ರದ ಕೈಗೆ ಬಂದವು. ಒಂದು ಕಾಲಕ್ಕೆ ಮನುಷ್ಯರು ಓಡಿಹೋಗಲಾಗದೆ ಸತ್ತ ಜಾಗದಿಂದ ನಮ್ಮ ಟಿವಿ ಚಿತ್ರ ಹೊತ್ತ ಉಪಗ್ರಹಗಳು ಹಾರಿವೆ. ಅಜ್ಜಿ ಟಿವಿಯ ಕಡೆ ನೋಡಿ ‘ಹೌದ?’ ಅಂದರು.

ಈ ಬರಹವನ್ನು ಓದಿ ಮುಗಿಸುವ ಮೊದಲು ಒಂದು ಕೆಲಸ ಹೇಳುತ್ತೇನೆ. ನಿಮ್ಮ ಮನೆಯ ತೆರಿಗೆ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಎಂಬ ಸಾಲಿರುತ್ತದೆ, ಮನೆ ತೆರಿಗೆಯ ಮೇಲೆ ಶೇ 6. ಅದು ನಿಮ್ಮ ದುಡ್ಡು. ಅರಿವು ಕೇಂದ್ರ ಎಂದು ಹೆಸರು ಬದಲಾದ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ, ನಮಗೆ ಇಂಥ ಪುಸ್ತಕ ಬೇಕು ಎಂದು ಹೆಸರು ಬರೆದು ಕೊಡಿ. ಪಟ್ಟಿಯಲ್ಲಿ ಗೈಡುಗಳ ಜೊತೆ ನಿದ್ದೆ ಕೆಡಿಸುವ ಎರಡು ಪುಸ್ತಕವಾದರೂ ಇರಲಿ. ಬಂದ ಮೇಲೆ ಮನೆಗೆ ಒಂದೇ ಪ್ರತಿ ತನ್ನಿ. ಎಲ್ಲರೂ ಅದಕ್ಕೇ ಕಾಯಬೇಕು, ಅದಕ್ಕೇ ಜಗಳ ಮಾಡಬೇಕು. ಮೊಬೈಲಿನಲ್ಲಿ ಆರು ಜನ ಆರು ಲೋಕದಲ್ಲಿರುತ್ತೇವೆ. ಆ ಒಂದು ತಿಂಗಳು ನಾವು ಆರೂ ಜನ ಒಂದೇ ದೋಣಿಯಲ್ಲಿದ್ದೆವು, ಏಳನೆಯವರು ಗೋಡೆಯಾಚೆ ಕಿವಿಗೊಟ್ಟು ಕೂತಿದ್ದರು. ಅವರನ್ನು ಮೊದಲೇ ಹತ್ತಿಸಿಕೊಳ್ಳಬೇಕಿತ್ತು.

ನಾನೂ ಒಂದು ಕೆಲಸ ಹಚ್ಚಿಕೊಂಡಿದ್ದೇನೆ. ಹಳೆಯ ಡೈರಿಗಳನ್ನು ತೆಗೆದು, ನಾನು ಬಂಧನದ ಸುದ್ದಿ ಬರೆದವರ ಹೆಸರು ಪಟ್ಟಿ ಮಾಡುತ್ತಿದ್ದೇನೆ. ಕೋರ್ಟುಗಳ ವೆಬ್‌ಸೈಟಿನಲ್ಲಿ ಕೇಸಿನ ನಂಬರು ಹಾಕಿದರೆ ಏನಾಯಿತು ಎಂದು ತಿಳಿಯುತ್ತದೆ. ಇದುವರೆಗೆ ನೋಡಿದ ಹದಿನಾಲ್ಕು ಕೇಸುಗಳಲ್ಲಿ ಆರು ಖುಲಾಸೆ. ಆ ಆರರಲ್ಲಿ ಒಂದನ್ನೂ ನಾನು ಬರೆದಿರಲಿಲ್ಲ. ಹಳೇ ಸುದ್ದಿ ಎಂದು ಡೆಸ್ಕಿನವರು ತೆಗೆದುಕೊಳ್ಳುವುದಿಲ್ಲ, ಗೊತ್ತು. ಆ ಮನೆಯವರು ಒಪ್ಪಿದರೆ ಇಲ್ಲಿಯೇ ಬರೆಯುತ್ತೇನೆ. ಮೊದಲನೆಯದು ಕಾಕಾನದು. ಬರೆಯಲಾ ಎಂದು ಕೇಳಿದ್ದಕ್ಕೆ, ‘ಬರಿ. ಆದ್ರ ಹೆಸರ ಬ್ಯಾಡ. ಊರಾಗ ಯಾರಿಗಿ ಗೊತ್ತಾಗಬೇಕೋ ಅವರಿಗಿ ಗೊತ್ತಾಗತೈತಿ’ ಅಂದರು.

ಹೊರಡುವಾಗ ಬಾಗಿಲಲ್ಲಿ ನಿಂತು ಮತ್ತೆ ಕೇಳಿದರು, ‘ಅಂಥಾದ್ದ ಇನ್ನೊಂದ ಪುಸ್ತಕ ಐತೇನೋ?’

ಇದೆ. ಹೋದ ವಾರ ತಂದೆ. ತೇಜಸ್ವಿಯವರದೇ ‘ಮಹಾಪಲಾಯನ’, ಸೈಬೀರಿಯಾದ ಸೆರೆಯಿಂದ ಓಡಿಹೋದವರ ಕತೆ. ಈ ಸಲ ಮೊದಲ ಸರದಿ ಕಾಕಾನದು. ಅತ್ತಿಗೆ ಈಗಾಗಲೇ ಮುನಿಸಿಕೊಂಡಿದ್ದಾರೆ.